ಮಂಗ ಸತ್ತರೆ ಫೋನ್ ಹೋಗುತ್ತದೆ, ಊರೆಲ್ಲ ಕೆಮ್ಮಿದರೆ?

ಎಲ್ಲರಿಗೂ ನಮಸ್ಕಾರ.

ನಮ್ಮ ಮಲೆನಾಡಿನಲ್ಲಿ ಕಾಡಂಚಿಗೆ ಮಂಗ ಸತ್ತು ಬಿದ್ದಿದ್ದರೆ ಯಾರೂ ಸುಮ್ನೆ ಇರುವುದಿಲ್ಲ. ಆಶಾ ಕಾರ್ಯಕರ್ತೆಗೆ ಹೇಳುತ್ತಾರೆ, ಪಂಚಾಯ್ತಿಗೆ ಫೋನ್ ಮಾಡುತ್ತಾರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ಉಣ್ಣಿ ಕಚ್ಚಿ ಹರಡುವ ಮಂಗನ ಕಾಯಿಲೆ ಪತ್ತೆಯಾದ ಮೇಲೆ ನಾವು ಕಷ್ಟಪಟ್ಟು ಕಲಿತದ್ದು ಇದು. ಆದರೆ ಒಂದೇ ಕೇರಿಯ ಐದಾರು ಮನೆಗೆ ಒಂದೇ ವಾರ ಜ್ವರ, ಕೆಮ್ಮು ಬಂದರೆ? ಮಳೆಗಾಲ ಅಂದ ಮೇಲೆ ಶೀತ ಇದ್ದದ್ದೇ ಅಂತೀವಿ, ಮೆಡಿಕಲ್ ಶಾಪಿಗೆ ಹೋಗಿ ಬರ್ತೀವಿ.

ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಬಸ್ಸಿಗೆ ಹೊತ್ತಾಗಿರುತ್ತದೆ. "ಮನೆಯವರಿಗೆ ಜ್ವರ, ಕೆಮ್ಮು. ಎರಡು ದಿನಕ್ಕೆ ಕೊಡಿ." ಅಂಗಡಿಯವರು ಕತ್ತರಿಯಲ್ಲಿ ಸ್ಟ್ರಿಪ್ ತುಂಡು ಮಾಡಿ, ಪುಟ್ಟ ಕವರಿಗೆ ಹಾಕಿ, ಬೆಳಿಗ್ಗೆ ಒಂದು ರಾತ್ರಿ ಒಂದು ಅಂತ ಬರೆದು ಕೊಡುತ್ತಾರೆ. ಅಷ್ಟೇ. ಆ ಜ್ವರ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಲೆಕ್ಕ ಇಡುವ ವ್ಯವಸ್ಥೆ ದೇಶದಲ್ಲಿ ಇಲ್ಲ ಅಂತಲ್ಲ. ರೋಗಗಳ ಮೇಲೆ ಕಣ್ಣಿಡುವ ಕೇಂದ್ರದ ಯೋಜನೆ ಐಡಿಎಸ್‌ಪಿ 2004ರಲ್ಲೇ ಶುರುವಾಯಿತು. ಉಪಕೇಂದ್ರದ ಸಿಸ್ಟರ್ ಲಕ್ಷಣ ನೋಡಿ ಬರೆಯುತ್ತಾರೆ, ಡಾಕ್ಟರ್ ತಮ್ಮ ಅಂದಾಜು ಬರೆಯುತ್ತಾರೆ, ಲ್ಯಾಬ್‌ನವರು ಪರೀಕ್ಷೆಯ ಫಲಿತಾಂಶ ಬರೆಯುತ್ತಾರೆ. 2021ರಿಂದ ಇದೆಲ್ಲ ಆನ್‌ಲೈನ್‌ಗೆ ಬಂದಿದೆ. ಹತ್ತು ದಿನದೊಳಗೆ ಶುರುವಾದ 38 ಡಿಗ್ರಿ ಜ್ವರ, ಜೊತೆಗೆ ಕೆಮ್ಮು ಇದ್ದರೆ ಅದು ಐಎಲ್‌ಐ, ಅಂದರೆ ಫ್ಲೂ ಥರದ ಕಾಯಿಲೆ. ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಅದು ‘ಸಾರಿ’ (SARI), ಅಂದರೆ ತೀವ್ರ ಉಸಿರಾಟದ ಸೋಂಕು.

ಇದರಿಂದ ಏನು ಉಪಯೋಗ ಅಂತೀರಾ? 2025ರ ಜನವರಿ ನೆನಪಿಸಿಕೊಳ್ಳಿ. ಬೆಂಗಳೂರಿನಲ್ಲಿ ಎರಡು ಕೂಸುಗಳಿಗೆ ಎಚ್‌ಎಂಪಿವಿ ಅನ್ನೋ ಉಸಿರಾಟದ ವೈರಸ್ ಅಂತ ಸುದ್ದಿ ಬಂತು, ಟಿವಿ ನೋಡಿ ಜನ ಹೆದರಿದರು. ಅದು ಸಿಕ್ಕಿದ್ದೇ ಕೇಂದ್ರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್‌ನವರ ಮಾಮೂಲಿ ಕಣ್ಗಾವಲಿನಲ್ಲಿ. ದೇಶದಲ್ಲಿ ಐಎಲ್‌ಐ, ಸಾರಿ ಅಸಹಜವಾಗಿ ಏರಿಲ್ಲ ಅಂತ ಸರ್ಕಾರ ಹೇಳಲು ಆಗಿದ್ದೂ ಲೆಕ್ಕ ಇದ್ದದ್ದಕ್ಕೇ. ಮೊದಲು ಎಷ್ಟಿತ್ತು ಅಂತ ಗೊತ್ತಿಲ್ಲದೆ ಜಾಸ್ತಿಯಾಗಿಲ್ಲ ಅಂತ ಹೇಗೆ ಹೇಳೋದು?

ನಮಗೆ ಇನ್ನೂ ಒಂದು ಕಾರಣ ಇದೆ. ಫ್ಲೂ ನಮ್ಮ ದೇಶದಲ್ಲಿ ಮಳೆಗಾಲಕ್ಕೊಮ್ಮೆ, ಜನವರಿಯಿಂದ ಮಾರ್ಚ್ ಹೊತ್ತಿಗೆ ಇನ್ನೊಮ್ಮೆ ಏರುತ್ತದೆ. ಮಂಗನ ಕಾಯಿಲೆಯೂ ಡಿಸೆಂಬರ್‌ನಿಂದ ಮೇ ತನಕ ಕಾಡುವುದು. ಫೆಬ್ರವರಿಯಲ್ಲಿ ದರಗು (ಒಣ ಎಲೆ) ತರಲು ಕಾಡಿಗೆ ಹೋಗಿ ಬಂದವರಿಗೆ ಜ್ವರ, ತಲೆನೋವು, ಮೈಕೈ ನೋವು ಬಂತು ಅಂದುಕೊಳ್ಳಿ. ಫ್ಲೂನಾ, ಮಂಗನ ಕಾಯಿಲೆನಾ? ಮೊದಲ ದಿನ ಮುಖ ನೋಡಿ ಹೇಳಲು ಆಗುವುದಿಲ್ಲ. ಊರಲ್ಲಿ ಆ ವಾರ ಫ್ಲೂ ಓಡಾಡ್ತಿದೆಯಾ ಅಂತ ಗೊತ್ತಿದ್ದರೆ ಡಾಕ್ಟರಿಗೆ ಒಂದು ಸುಳಿವು ಸಿಗುತ್ತದೆ. ರಕ್ತ ಪರೀಕ್ಷೆ ಮಾತ್ರ ಬಿಡುವ ಹಾಗಿಲ್ಲ.

ಹಾಗಾಗಿ ಆರೋಗ್ಯ ಇಲಾಖೆಯವರನ್ನು ನಾನು ಕೇಳುವುದು ಇಷ್ಟು. ಖಾಸಗಿ ಕ್ಲಿನಿಕ್ಕು, ಮೆಡಿಕಲ್ ಶಾಪುಗಳನ್ನೂ ಈ ಲೆಕ್ಕಕ್ಕೆ ಸೇರಿಸಿ. ಹೆಸರು, ವಿಳಾಸ ಬೇಡ. ಇವತ್ತು ಜ್ವರ-ಕೆಮ್ಮು ಅಂತ ಎಷ್ಟು ಜನ ಬಂದರು, ಯಾವ ಕಡೆಯವರು, ಅಷ್ಟು ಸಾಕು. ಎಣಿಸುವ ಕೆಲಸವನ್ನು ಮತ್ತೆ ಆಶಾ ಅಕ್ಕಂದಿರ ತಲೆಗೇ ಕಟ್ಟಬೇಡಿ, ಅವರ ಮೇಲೆ ಈಗಲೇ ಹೊರೆ ಜಾಸ್ತಿ. ಆಮೇಲೆ ಆ ವಾರದ ಲೆಕ್ಕವನ್ನು ಆಸ್ಪತ್ರೆಯ ಬೋರ್ಡ್ ಮೇಲೆ ಕನ್ನಡದಲ್ಲಿ ಬರೆದು ಹಾಕಿ. ನಮ್ಮ ಊರಿನ ಜ್ವರದ ಲೆಕ್ಕ ದೆಹಲಿಗೆ ಹೋಗುತ್ತದೆ, ನಮಗೂ ಗೊತ್ತಾಗಬೇಕು ಅಲ್ವಾ? ಒಂದೇ ತಾಲ್ಲೂಕಿನಲ್ಲಾದರೂ ಸರಿ, ಬರುವ ಮಳೆಗಾಲಕ್ಕೇ ಶುರು ಮಾಡಿ.