ವಿಂಡೋಲಾಂಡಾ: ಗಡಿಕಾವಲಿನ ಸೈನಿಕರ ಬಿಡುವಿನ ಹೊತ್ತು

ಪರದೆಯ ಮೇಲೆ ಕಾಣುತ್ತಿರುವುದು ಇಂಗ್ಲೆಂಡಿನ ಉತ್ತರ ಭಾಗದಲ್ಲಿರುವ ವಿಂಡೋಲಾಂಡಾ ಕೋಟೆಯ ಅವಶೇಷಗಳು. ಚಕ್ರವರ್ತಿ ಹೇಡ್ರಿಯನ್ ಕ್ರಿ.ಶ. 122ರಲ್ಲಿ ಸಮೀಪದಲ್ಲೇ ತನ್ನ ಗಡಿಗೋಡೆಯನ್ನು ಕಟ್ಟಿಸಲು ತೊಡಗುವ ಮೊದಲೇ ರೋಮನ್ ಸೈನ್ಯ ಇಲ್ಲಿ ಬೀಡುಬಿಟ್ಟಿತ್ತು. ರೋಮನ್ ಸೈನಿಕ ಎಂದೊಡನೆ ನಮಗೆ ಕತ್ತಿ ಗುರಾಣಿಗಳು ನೆನಪಾಗುತ್ತವೆ. ಆದರೆ ಗಡಿ ಕಾಯುವವನ ಬದುಕಿನಲ್ಲಿ ಯುದ್ಧದ ದಿನಗಳಿಗಿಂತ ಪಹರೆ, ಕವಾಯತು, ದುರಸ್ತಿಯ ಕೆಲಸಗಳು ಮುಗಿದ ಮೇಲಿನ ಸಂಜೆಗಳೇ ಹೆಚ್ಚು. ಆ ಸಂಜೆಗಳನ್ನು ಅವರು ಹೇಗೆ ಕಳೆದರೆಂಬುದು ಅವರು ಗೆದ್ದ ಯುದ್ಧಗಳಷ್ಟೇ ಮುಖ್ಯವೆಂದು ನಾನು ನಂಬುತ್ತೇನೆ.

2019ರಲ್ಲಿ ಇಲ್ಲಿನ ಸ್ನಾನಗೃಹದ ಹಿಂದಿನ ಕಟ್ಟಡದಲ್ಲಿ, ನೆಲಕ್ಕೆ ಹಾಸಿದ್ದ ಕಲ್ಲೊಂದರ ಮೇಲೆ ಚೌಕಮನೆಗಳನ್ನು ಗೀರಿರುವುದು ಉತ್ಖನನಕಾರರ ಕಣ್ಣಿಗೆ ಬಿತ್ತು. ಬಹುಶಃ ಸ್ನಾನಕ್ಕೆ ಬಂದವರು ಇದರ ಸುತ್ತ ಕುಳಿತು ಆಡುತ್ತಿದ್ದರು; ಕಲ್ಲು ನಡುವೆ ಸೀಳಿದ ಮೇಲೆ ಅದು ನೆಲಹಾಸಾಯಿತು. ಇದರ ಮೇಲೆ ಆಡುತ್ತಿದ್ದ ಆಟದ ಹೆಸರು ಲೂಡಸ್ ಲಾಟ್ರುಂಕುಲೋರುಮ್. ಇದರಲ್ಲಿ ಎದುರಾಳಿಯ ಕಾಯಿಯೊಂದನ್ನು ನಮ್ಮ ಎರಡು ಕಾಯಿಗಳ ನಡುವೆ ಸಿಕ್ಕಿಸಿದರೆ ಅದನ್ನು ಹೊಡೆದಂತೆ. ಹಾಗಾಗಿ ಒಂಟಿಯಾಗಿ ಮುಂದೆ ನುಗ್ಗಿದ ಕಾಯಿ ಬೇಗ ಸಾಯುತ್ತದೆ, ಒಂದಕ್ಕೊಂದು ಆಸರೆಯಾಗಿ ಸಾಗುವ ಕಾಯಿಗಳು ಉಳಿಯುತ್ತವೆ. ಸಾಲು ಮುರಿಯದೆ ನಿಲ್ಲುವುದನ್ನೇ ಕಲಿತಿದ್ದ ಸೈನಿಕರಿಗೆ ಈ ಆಟ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ದಾಳದ ಮಾತು ಬೇರೆ. ಪಣವಿಟ್ಟು ದಾಳ ಉರುಳಿಸುವುದಕ್ಕೆ ರೋಮನ್ ಕಾನೂನು, ಸ್ಯಾಟರ್ನೇಲಿಯಾ ಹಬ್ಬದ ದಿನಗಳನ್ನು ಬಿಟ್ಟರೆ, ಅನುಮತಿ ಕೊಟ್ಟಿರಲಿಲ್ಲ. ಆದರೂ ಕೋಟೆಗಳ ಮಣ್ಣಿನಲ್ಲಿ ಮೂಳೆಯ ದಾಳಗಳು ಸಿಗುತ್ತಲೇ ಇವೆ. ಕೈಚಳಕದ ಮೋಸವನ್ನು ತಡೆಯಲು ಅವರು ಗೋಪುರದಂಥ ಪೆಟ್ಟಿಗೆಯನ್ನೂ ಬಳಸುತ್ತಿದ್ದರು: ಮೇಲಿನಿಂದ ಹಾಕಿದ ದಾಳ ಒಳಗಿನ ಮೆಟ್ಟಿಲುಗಳ ಮೇಲೆ ಉರುಳಿ ಕೆಳಗೆ ಬೀಳುತ್ತಿತ್ತು. ಜರ್ಮನಿಯ ಫ್ರಾಯ್ಟ್ಸ್‌ಹೈಮ್ ಬಳಿ 1985ರಲ್ಲಿ ದೊರೆತ ಇಂಥದೊಂದು ಗೋಪುರದ ಮೇಲೆ, ಪಿಕ್ಟರು ಸೋತರು, ಶತ್ರು ನಾಶವಾದ, ನಿಶ್ಚಿಂತೆಯಿಂದ ಆಡಿರಿ ಎಂಬ ಅರ್ಥದ ಬರಹವಿದೆ. ಆ ಪಿಕ್ಟರು ಹೇಡ್ರಿಯನ್ನನ ಗೋಡೆಯ ಉತ್ತರಕ್ಕಿದ್ದ ಜನ.

ವಿಂಡೋಲಾಂಡಾದಲ್ಲಿ ಚರ್ಮದ ಬಾಕ್ಸಿಂಗ್ ಕೈಗವಸುಗಳೂ ದೊರೆತಿವೆ. ಆದರೆ ನನಗೆ ಎಲ್ಲಕ್ಕಿಂತ ಪ್ರಿಯವಾದುದು ತೆಳುವಾದ ಮರದ ಹಾಳೆಯ ಮೇಲೆ ಶಾಯಿಯಲ್ಲಿ ಬರೆದ ಒಂದು ಪತ್ರ. ಮಾಸ್ಕುಲಸ್ ಎಂಬ ಅಶ್ವದಳದ ನಾಯಕ ತನ್ನ ಮೇಲಧಿಕಾರಿ ಸೆರಿಯಾಲಿಸ್‌ಗೆ ಬರೆದು, ನಾಳೆ ನಾವೇನು ಮಾಡಬೇಕೆಂದು ತಿಳಿಸಿ ಎಂದು ಕೇಳುತ್ತಾನೆ. ಕೊನೆಯಲ್ಲಿ, ನಮ್ಮ ಸೈನಿಕರ ಬಳಿ ಬಿಯರ್ ಮುಗಿದಿದೆ, ದಯವಿಟ್ಟು ಕಳುಹಿಸುವಂತೆ ಅಪ್ಪಣೆ ಕೊಡಿ ಎಂದು ಸೇರಿಸುತ್ತಾನೆ.