ಹಾಳೂರುಗಳಲ್ಲಿ ನೀರಿನ ಜಾಡು

ಎಲ್ಲರಿಗೂ ನಮಸ್ಕಾರ.

ಹಳೆಯ ನಗರಗಳ ಅವಶೇಷ ನೋಡಲು ಹೋದಾಗ ನಮ್ಮ ಕಣ್ಣು ಮೊದಲು ಮೇಲಕ್ಕೇ ಹೋಗುತ್ತದೆ. ಕಂಬ, ಗೋಪುರ, ಕೆತ್ತನೆ. ಅದನ್ನೆಲ್ಲ ಕಣ್ತುಂಬ ನೋಡಿ. ಆಮೇಲೆ ಸ್ವಲ್ಪ ಹೊತ್ತು ಕಾಲ ಬುಡದಲ್ಲೂ ನೋಡಿ. ಈ ಊರಿಗೆ ನೀರು ಎಲ್ಲಿಂದ ಬರುತ್ತಿತ್ತು, ಎಲ್ಲಿಗೆ ಹರಿದು ಹೋಗುತ್ತಿತ್ತು ಅಂತ ಹುಡುಕಿ. ಕಟ್ಟಿಸಿದ ರಾಜನ ಹೆಸರು ಹೇಗೂ ಫಲಕದಲ್ಲಿ ಬರೆದಿರುತ್ತದೆ. ಅಲ್ಲಿ ದಿನಾ ಎದ್ದು ದುಡಿದ ಜನರ ಗುರುತು ನನಗೆ ಜಾಸ್ತಿ ಸಿಕ್ಕಿದ್ದು ಕಾಲುವೆ, ತೊಟ್ಟಿ, ಚರಂಡಿಗಳಲ್ಲಿ.

ಜೋರ್ಡಾನಿನ ಪೆಟ್ರಾದಿಂದ ಶುರು ಮಾಡುತ್ತೇನೆ. ಅಲ್ಲಿಗೆ ಹೋಗಲು ಸಿಕ್ ಎಂಬ ಬಂಡೆಗಳ ನಡುವಿನ ಸಂದಿಯಲ್ಲಿ ನಡೆಯಬೇಕು. ಸುಮಾರು 1.2 ಕಿ.ಮೀ. ದಾರಿ. ಸಂದಿ ಮುಗಿದ ಕೂಡಲೇ ಬಂಡೆಯಲ್ಲೇ ಕೊರೆದ 'ಖಜ್ನೆ' ಎಂಬ ಆ ಪ್ರಸಿದ್ಧ ಕಟ್ಟಡ ಕಾಣುತ್ತದೆ ಅಂತ ಎಲ್ಲರೂ ಬೇಗ ಬೇಗ ಹೆಜ್ಜೆ ಹಾಕುತ್ತಾರೆ. ಅವಸರ ಬೇಡ. ಎರಡೂ ಬದಿಯ ಬಂಡೆಯಲ್ಲಿ ಕೊರೆದ ಕಾಲುವೆಯನ್ನು ನೋಡಿ. ಒಂದು ಬದಿಯಲ್ಲಿ ಸುಟ್ಟ ಮಣ್ಣಿನ ಕೊಳವೆಗಳ ತುಂಡುಗಳು ಇನ್ನೂ ಉಳಿದಿವೆ.

ಈ ಊರು ಕಟ್ಟಿದ ನಬಾತಿಯನ್ನರು ಮರುಭೂಮಿಯ ವ್ಯಾಪಾರಿಗಳು. ಅಲ್ಲಿ ಮಳೆ ತೀರಾ ಕಡಿಮೆ. ಬಂದರೆ ಒಮ್ಮೆಲೇ ಸುರಿದು ಕಣಿವೆಗೆ ನುಗ್ಗುತ್ತದೆ. ಅವರು ಎರಡಕ್ಕೂ ದಾರಿ ಹುಡುಕಿದ್ದರು. ಒರತೆಯ ನೀರನ್ನು ಕಾಲುವೆ, ಕೊಳವೆಗಳಲ್ಲಿ ಊರೊಳಗೆ ತಂದರು. ನೆರೆ ನೀರು ಒಳಗೆ ಬರದಂತೆ ಸಿಕ್‌ನ ಬಾಯಲ್ಲಿ ಒಡ್ಡು ಹಾಕಿ, ಬಂಡೆ ಕೊರೆದ ಸುರಂಗದ ಮೂಲಕ ಬೇರೆ ಕಣಿವೆಗೆ ತಿರುಗಿಸಿದರು. ಕಾಲ ಕಳೆದಂತೆ ಆ ಒಡ್ಡು ಹಾಳಾಯಿತು. 1963ರ ಏಪ್ರಿಲ್‌ನಲ್ಲಿ ದಿಢೀರನೆ ನೆರೆ ನುಗ್ಗಿ, ಸಿಕ್‌ನಲ್ಲಿದ್ದ 20ಕ್ಕೂ ಹೆಚ್ಚು ಫ್ರೆಂಚ್ ಪ್ರವಾಸಿಗರು ಸತ್ತರು. ಅದಾದ ಮೇಲೆ ಸಿಕ್‌ನ ಬಾಯಲ್ಲಿ ಮತ್ತೆ ಒಡ್ಡು ಕಟ್ಟಿದರು. ಎರಡು ಸಾವಿರ ವರ್ಷದ ಹಿಂದಿನವರ ಲೆಕ್ಕಾಚಾರ ಎಷ್ಟು ಸರಿಯಿತ್ತು ಅಲ್ವಾ? ಅಲ್ಲಿ ಇವತ್ತಿಗೂ ಮಳೆಯ ಮುನ್ಸೂಚನೆ ಇದ್ದರೆ ಒಳಗೆ ಹೋಗಬೇಡಿ. ಕಾವಲಿನವರು ಹೊರಗೆ ಬನ್ನಿ ಅಂದರೆ ಮರುಮಾತಾಡದೆ ಬನ್ನಿ.

ಇಟಲಿಯ ಪೊಂಪೇ ನಿಮಗೆಲ್ಲ ಗೊತ್ತಿರುವ ಊರು. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿಯ ಬೂದಿಯಡಿ ಹೂತುಹೋಯಿತು. ಅದರ ಬೀದಿಗಳಲ್ಲಿ ಸುಮಾರು 40 ಸಾರ್ವಜನಿಕ ನೀರಿನ ತೊಟ್ಟಿಗಳಿವೆ. ಕೆಲವು ತೊಟ್ಟಿಗಳ ಅಂಚು ಒಂದೇ ಜಾಗದಲ್ಲಿ ನುಣುಪಾಗಿ ಸವೆದು ತಗ್ಗಾಗಿದೆ. ನೀರು ಕುಡಿಯಲು ಬಗ್ಗಿದವರು ಕೈ ಊರುತ್ತಿದ್ದ ಜಾಗ ಅದು. ತೊಟ್ಟಿ ತುಂಬಿ ಹರಿದ ನೀರೂ ಮಳೆ ನೀರೂ ಬೀದಿಯಲ್ಲೇ ಹೋಗುತ್ತಿದ್ದವು. ಹಾಗಾಗಿ ಬೀದಿ ದಾಟಲು ಎತ್ತರದ ಕಲ್ಲು ಇಟ್ಟಿದ್ದಾರೆ, ನಡುವೆ ಗಾಡಿ ಚಕ್ರ ಹೋಗುವಷ್ಟು ಸಂದು ಬಿಟ್ಟಿದ್ದಾರೆ. ನನಗೆ ಅಲ್ಲಿನ ಬಣ್ಣದ ಗೋಡೆಚಿತ್ರಗಳಿಗಿಂತ ಆ ಸವೆದ ಅಂಚೇ ಹೆಚ್ಚು ಹತ್ತಿರವಾಯಿತು.

ಟರ್ಕಿಯ ಎಫೆಸಸ್‌ನಲ್ಲಿ ಕಥೆ ಬೇರೆ. ಅಲ್ಲಿನ ಬಯಲು ರಂಗಮಂದಿರ ಸುಮಾರು 25,000 ಜನ ಕೂರುವಷ್ಟು ದೊಡ್ಡದು. ಅದರ ಎದುರಿನಿಂದ ಅಗಲವಾದ ಕಲ್ಲುಹಾಸಿನ ಬೀದಿ ನೇರ ಬಂದರಿಗೆ ಹೋಗುತ್ತದೆ. ಹೋಗಿ ನೋಡಿದರೆ ಬಂದರೇ ಇಲ್ಲ, ಜೌಗು ಜಾಗ. ಸಮುದ್ರ ಈಗ ಐದಾರು ಕಿ.ಮೀ. ದೂರದಲ್ಲಿದೆ. ಪಕ್ಕದ ನದಿ ತಂದು ಹಾಕಿದ ಹೂಳು ಬಂದರನ್ನು ಮುಚ್ಚುತ್ತಾ ಹೋಯಿತು. ರೋಮನ್ನರು ಹೂಳೆತ್ತಿಸಿದರು, ಮತ್ತೆ ತುಂಬಿತು. ಹಡಗು ಬರುವುದು ನಿಂತ ಮೇಲೆ ವ್ಯಾಪಾರದ ಊರಲ್ಲಿ ಜನ ಎಷ್ಟು ದಿನ ಇದ್ದಾರು?

ಕಾಂಬೋಡಿಯಾದ ಅಂಕೋರ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಅಲ್ಲಿನ ಪಶ್ಚಿಮ ಬರಾಯ್ ಎಂಬ ಕೆರೆ ಸುಮಾರು 8 ಕಿ.ಮೀ. ಉದ್ದ, 2 ಕಿ.ಮೀ. ಅಗಲ. 11ನೇ ಶತಮಾನದ್ದು. ಅದನ್ನು ಬಹುಪಾಲು ನೆಲ ತೋಡಿ ಮಾಡಿದ್ದಲ್ಲ. ನಾಲ್ಕೂ ಕಡೆ ಮಣ್ಣಿನ ಏರಿ ಹಾಕಿ ನೀರು ನಿಲ್ಲಿಸಿದರು. ಬೆಟ್ಟದ ಕಡೆಯಿಂದ ಬರುವ ನೀರಿಗೆ ಕಾಲುವೆಗಳ ದೊಡ್ಡ ಜಾಲವೇ ಇತ್ತು. 14 ಮತ್ತು 15ನೇ ಶತಮಾನದಲ್ಲಿ ದೀರ್ಘ ಬರಗಾಲ, ನಡುನಡುವೆ ವಿಪರೀತ ಮಳೆ. ವಿಯೆಟ್ನಾಮಿನ ಹಳೆಯ ಮರಗಳ ಉಂಗುರಗಳಲ್ಲಿ ಇದರ ದಾಖಲೆ ಸಿಕ್ಕಿದೆ. ಬರಕ್ಕೆ ಒಗ್ಗಿಸಿಕೊಂಡ ಕಾಲುವೆಗಳು ನೆರೆಗೆ ಕೊಚ್ಚಿಹೋದವು, ಹೂಳು ತುಂಬಿದವು. ಈಗಿನ ಥಾಯ್ಲೆಂಡಿನಲ್ಲಿದ್ದ ಅಯುತ್ಥಾಯ ರಾಜ್ಯದ ಜೊತೆ ಯುದ್ಧಗಳೂ ಇದ್ದವು. ಹಾಗಾಗಿ ಒಂದೇ ಕಾರಣಕ್ಕೆ ಊರು ಬಿದ್ದಿತು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಅಂಕೋರ್ ವಾಟ್ ದೇವಾಲಯದ ಸುತ್ತಲಿನ ಕಂದಕ ಸುಮಾರು 190 ಮೀಟರ್ ಅಗಲ. ಫೋಟೊಗೆ ಚೆಂದ ಅಂತ ನಾವು ಅಲ್ಲಿ ನಿಲ್ಲುತ್ತೇವೆ. ಆದರೆ ದೇವಾಲಯದ ಬುಡದಲ್ಲಿರುವುದು ಮರಳು. ಕಂದಕದ ನೀರು ಆ ಮರಳನ್ನು ತೇವವಾಗಿ, ಗಟ್ಟಿಯಾಗಿ ಹಿಡಿದಿಟ್ಟಿದೆ. ಪಕ್ಕದ ಸಿಯೆಮ್ ರೀಪ್ ಪಟ್ಟಣಕ್ಕೆ ಪ್ರವಾಸಿಗರು ಹೆಚ್ಚಿದಂತೆ ಬೋರ್‌ವೆಲ್‌ಗಳಿಂದ ಅಂತರ್ಜಲ ಎತ್ತುವುದೂ ಹೆಚ್ಚಿತು. ಕಲ್ಲಿನ ಭಾರ ಹೊತ್ತ ನೆಲ ಕುಸಿದೀತು ಎಂಬ ಆತಂಕ ಅಲ್ಲಿನವರಿಗೆ ಇದೆ. ನಾವು ಹೋಟೆಲಿನಲ್ಲಿ ತಿರುಗಿಸುವ ನಲ್ಲಿಗೂ ಅದಕ್ಕೂ ಸಂಬಂಧವಿದೆ.

ಒಂದು ಒಳ್ಳೆಯ ಸುದ್ದಿಯೂ ಇದೆ. ಅಂಕೋರ್ ನೋಡಿಕೊಳ್ಳುವ ಅಪ್ಸರಾ ಪ್ರಾಧಿಕಾರ ಹಳೆಯ ಕಾಲುವೆಗಳನ್ನು ರಿಪೇರಿ ಮಾಡಿ, ಶತಮಾನಗಳಿಂದ ಒಣಗಿದ್ದ ಉತ್ತರ ಬರಾಯ್‌ಗೆ ಮತ್ತೆ ನೀರು ತುಂಬಿಸಿದೆ. ಅದರ ನಡುವಿನ ನೀಕ್ ಪೊಯನ್ ಗುಡಿಗೆ ಈಗ ಮರದ ಸೇತುವೆ ಮೇಲೆ ನಡೆದು ಹೋಗಬೇಕು. ಹೋಗುವುದಾದರೆ ಮಳೆಗಾಲ ಮುಗಿಯುವ ಹೊತ್ತಿಗೆ, ಅಕ್ಟೋಬರ್ ಕೊನೆ ಅಥವಾ ನವೆಂಬರ್‌ನಲ್ಲಿ ಹೋಗಿ. ಆಗ ಕೆರೆ ತುಂಬಿರುತ್ತದೆ.