ಅಪ್ಪನ ಕ್ಲಬ್‌ಗೆ ಮಗ: ಆಸ್ಟ್ರೇಲಿಯನ್ ಫುಟ್‌ಬಾಲ್‌ನ ಈ ನಿಯಮ ನ್ಯಾಯವೇ?

[ಪರದೆಯ ಮೇಲೆ: ಮೆಲ್ಬರ್ನ್ ಕ್ರಿಕೆಟ್ ಮೈದಾನ, ಗ್ರ್ಯಾಂಡ್ ಫೈನಲ್ ದಿನದ ಜನಸಾಗರ]

ನಮಸ್ಕಾರ. ಮೆಲ್ಬರ್ನ್‌ನಲ್ಲಿ ನೆಲೆಸಿರುವ ಕನ್ನಡಿಗ ವೀಕ್ಷಕರೊಬ್ಬರು ನಮಗೊಂದು ಪ್ರಶ್ನೆ ಕಳುಹಿಸಿದ್ದಾರೆ. ಅವರ ಮಗ ಆಸ್ಟ್ರೇಲಿಯನ್ ಫುಟ್‌ಬಾಲ್ ಆಡುತ್ತಾನೆ. ಅವನು ಎಷ್ಟೇ ಚೆನ್ನಾಗಿ ಆಡಿದರೂ ತನ್ನನ್ನು ಆರಿಸಿಕೊಂಡ ಕ್ಲಬ್ಬಿಗೇ ಹೋಗಬೇಕು. ಹಳೆಯ ಆಟಗಾರನ ಮಗನಿಗಾದರೆ ಅಪ್ಪನ ಕ್ಲಬ್ಬಿನ ಬಾಗಿಲು ಮೊದಲೇ ತೆರೆದಿರುತ್ತದೆ. ಇದು ಸರಿಯೇ ಎಂಬುದು ಅವರ ಪ್ರಶ್ನೆ.

ಮೂಲ ಸಂಗತಿಗಳನ್ನು ಬೇಗ ಹೇಳಿಬಿಡುತ್ತೇನೆ. ಎಎಫ್‌ಎಲ್ ಎಂಬ ರಾಷ್ಟ್ರೀಯ ಲೀಗ್‌ನಲ್ಲಿ ಈಗ 18 ಕ್ಲಬ್‌ಗಳಿವೆ. ಹೊಸ ಆಟಗಾರರನ್ನು ವರ್ಷಕ್ಕೊಮ್ಮೆ ನಡೆಯುವ ಡ್ರಾಫ್ಟ್‌ನಲ್ಲಿ ಆರಿಸಲಾಗುತ್ತದೆ. ಕೊನೆಯ ಸ್ಥಾನ ಪಡೆದ ಕ್ಲಬ್‌ಗೆ ಮೊದಲ ಸರದಿ, ಗೆದ್ದ ಕ್ಲಬ್‌ಗೆ ಕೊನೆಯ ಸರದಿ. ಸೋತವರು ಮೇಲೇಳಲಿ ಎಂಬುದೇ ಇದರ ಉದ್ದೇಶ. ಆದರೆ ತಂದೆ ಒಂದು ಕ್ಲಬ್‌ನ ಹಿರಿಯರ ತಂಡಕ್ಕಾಗಿ 100 ಪಂದ್ಯ ಆಡಿದ್ದರೆ, ಮಗನ ಮೇಲೆ ಆ ಕ್ಲಬ್‌ಗೆ ಮೊದಲ ಹಕ್ಕು. ಇದೇ ತಂದೆ–ಮಗ ನಿಯಮ.

ಇದರ ಕಥೆ ಹೇಳುವವರೆಲ್ಲ ರಾನ್ ಬರಾಸಿ ಅವರಿಂದ ಆರಂಭಿಸುತ್ತಾರೆ. ಅವರ ತಂದೆಯ ಹೆಸರೂ ರಾನ್ ಬರಾಸಿ. 1940ರಲ್ಲಿ ಮೆಲ್ಬರ್ನ್ ಕ್ಲಬ್ ಪ್ರಶಸ್ತಿ ಗೆದ್ದ ತಂಡದಲ್ಲಿದ್ದ ಆ ತಂದೆ, ಮರುವರ್ಷ ಲಿಬಿಯಾದ ಟೊಬ್ರುಕ್‌ನಲ್ಲಿ ಯುದ್ಧದಲ್ಲಿ ಮಡಿದರು. ಮಗನಿಗೆ ಆಗ ಐದು ವರ್ಷ. ಆ ಕಾಲದಲ್ಲಿ ಹುಡುಗ ಯಾವ ಬಡಾವಣೆಯಲ್ಲಿ ವಾಸಿಸುತ್ತಾನೋ ಆ ವಲಯದ ಕ್ಲಬ್‌ಗೇ ಆಡಬೇಕಿತ್ತು. ಹಾಗಾಗಿದ್ದರೆ ಅವನು ಅಪ್ಪನ ಕ್ಲಬ್‌ನ ಎದುರಾಳಿಯಾಗುತ್ತಿದ್ದ. 1940ರ ದಶಕದ ಕೊನೆಯಲ್ಲಿ ಬಂದ ತಂದೆ–ಮಗ ನಿಯಮ ಆ ಗೆರೆಯನ್ನು ಅಳಿಸಿತು. ತಾಯಿ ಟಾಸ್ಮೇನಿಯಾಗೆ ಹೋಗಿ ನೆಲೆಸಿದಾಗ, ಅಪ್ಪನ ಸಹ ಆಟಗಾರರಾಗಿದ್ದು ಆಗ ಕ್ಲಬ್‌ನ ತರಬೇತುದಾರರಾಗಿದ್ದ ನಾರ್ಮ್ ಸ್ಮಿತ್ ಅವರು ಹುಡುಗನನ್ನು ತಮ್ಮ ಮನೆಯ ಹಿತ್ತಿಲಿನ ಪುಟ್ಟ ಬಿಡಾರದಲ್ಲಿ ಇಟ್ಟುಕೊಂಡು ಬೆಳೆಸಿದರು. ಅವನು ಅಪ್ಪನ 31ನೇ ಸಂಖ್ಯೆಯ ಅಂಗಿ ತೊಟ್ಟು, ಮೆಲ್ಬರ್ನ್‌ಗೆ ಆರು ಪ್ರಶಸ್ತಿಗಳನ್ನು ಗೆದ್ದುಕೊಡುವಲ್ಲಿ ಪಾಲುದಾರನಾದ. ಈ ಕಥೆ ಕೇಳಿದ ಮೇಲೆ ನಿಯಮವನ್ನೇ ಕಿತ್ತುಹಾಕಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಹಾಗಾದರೆ ತೊಡಕು ಎಲ್ಲಿದೆ? ಹಕ್ಕಿನಲ್ಲಿ ಇಲ್ಲ, ಆ ಹಕ್ಕಿಗೆ ತೆರುವ ಬೆಲೆಯಲ್ಲಿದೆ.

1986ರಲ್ಲಿ ಡ್ರಾಫ್ಟ್ ಬಂದ ಮೇಲೂ ನಿಯಮ ಉಳಿಯಿತು, ಬೆಲೆ ಮಾತ್ರ ತೀರ ಅಗ್ಗವಾಗಿತ್ತು. 2001ರಲ್ಲಿ ಗ್ಯಾರಿ ಅಬ್ಲೆಟ್ ಜೂನಿಯರ್ ಜಿಲಾಂಗ್‌ಗೆ ದೊರೆತದ್ದು 40ನೇ ಸರದಿಯಲ್ಲಿ. 2006ರಲ್ಲಿ ಟಾಮ್ ಹಾಕಿನ್ಸ್ ಅದೇ ಕ್ಲಬ್‌ಗೆ 41ನೇ ಸರದಿಯಲ್ಲಿ ದೊರೆತರು. ಅದೇ ಡ್ರಾಫ್ಟ್‌ನ ಮೊದಲ ಆಯ್ಕೆ ಬ್ರೈಸ್ ಗಿಬ್ಸ್. ಅವರ ತಂದೆ ದಕ್ಷಿಣ ಆಸ್ಟ್ರೇಲಿಯಾದ ಗ್ಲೆನೆಲ್ಗ್ ಕ್ಲಬ್‌ಗೆ 253 ಪಂದ್ಯ ಆಡಿದ್ದರೂ, ತಡವಾಗಿ ಲೀಗ್ ಸೇರಿದ ಅಡಿಲೇಡ್ ಕ್ಲಬ್‌ಗಾಗಿ ರೂಪಿಸಿದ್ದ ಪ್ರತ್ಯೇಕ ಅರ್ಹತೆಯೊಳಗೆ ಅವರು ಬರಲಿಲ್ಲ. ಮಗ ತವರು ಬಿಟ್ಟು ಕಾರ್ಲ್‌ಟನ್‌ಗೆ ಹೋಗಬೇಕಾಯಿತು. ಮರುವರ್ಷವೇ ಬಿಡ್ ಪದ್ಧತಿ ಬಂದಿತು. ಬೇರೆ ಕ್ಲಬ್ ಆ ಹುಡುಗನ ಹೆಸರು ಕೂಗಿದರೆ, ಅಪ್ಪನ ಕ್ಲಬ್ ತನ್ನ ಮುಂದಿನ ಸರದಿಯನ್ನು ಬಿಟ್ಟುಕೊಡಬೇಕು. 2015ರಲ್ಲಿ ಪ್ರತಿ ಸರದಿಗೂ ಅಂಕದ ಬೆಲೆ ಕಟ್ಟಲಾಯಿತು. ಮೊದಲ ಸರದಿಗೆ 3000 ಅಂಕ, ಎರಡನೆಯದಕ್ಕೆ 2517, ನಾಲ್ಕನೆಯದಕ್ಕೆ 2034. ಅಪ್ಪನ ಕ್ಲಬ್‌ಗೆ ಮೊದಲ ಸುತ್ತಿನಲ್ಲಿ ಶೇ. 20 ರಿಯಾಯಿತಿ. ಉಳಿದ ಅಂಕವನ್ನು ಅದು ತನ್ನ ಬಳಿಯಿರುವ ಕೆಳಗಿನ ಸರದಿಗಳನ್ನು ಕೂಡಿಸಿ ತೆರಬಹುದಿತ್ತು.

[ಪರದೆಯ ಮೇಲೆ: 38, 40, 42, 44]

ಈ ನಾಲ್ಕು ಸಂಖ್ಯೆಗಳನ್ನು ದಯವಿಟ್ಟು ಗಮನಿಸಿ. 2021ರಲ್ಲಿ ಕಾಲಿಂಗ್‌ವುಡ್ ಕ್ಲಬ್ 17ನೇ ಸ್ಥಾನದಲ್ಲಿತ್ತು. ಆ ವರ್ಷದ ತನ್ನ ಮೊದಲ ಸುತ್ತಿನ ಸರದಿಯನ್ನು ಅದು ಹಿಂದಿನ ವರ್ಷವೇ ಬೇರೆ ಕ್ಲಬ್‌ಗೆ ಕೊಟ್ಟಿತ್ತು. ಆದರೂ ತನ್ನ ಹಳೆಯ ಆಟಗಾರನ ಮಗ ನಿಕ್ ಡೇಕಾಸ್ ಅವರ ಹೆಸರನ್ನು ಗೋಲ್ಡ್ ಕೋಸ್ಟ್ ಕ್ಲಬ್ ನಾಲ್ಕನೇ ಸರದಿಯಲ್ಲಿ ಕೂಗಿದಾಗ, ಕಾಲಿಂಗ್‌ವುಡ್ ಈ ನಾಲ್ಕು ಸರದಿಗಳನ್ನು ಕೊಟ್ಟು ಆ ಬೆಲೆಗೆ ಸರಿಗಟ್ಟಿತು. 2034ರಲ್ಲಿ ಶೇ. 20 ಕಳೆದರೆ 1627. ಕೋಷ್ಟಕದ ಪ್ರಕಾರ 38ನೇ ಸರದಿಗೆ 465, 40ಕ್ಕೆ 429, 42ಕ್ಕೆ 395, 44ಕ್ಕೆ 362. ಕೂಡಿಸಿ ನೋಡಿ: 1651. ಬೆಲೆ ಸಂದಾಯವಾಗಿ 24 ಅಂಕ ಮಿಕ್ಕಿತು.

ಲೆಕ್ಕದ ಹಾಳೆಯಲ್ಲಿ ತಪ್ಪಿಲ್ಲ. ಆದರೆ ಮೈದಾನಕ್ಕಿಳಿಯುವವರು 18 ಜನ. ನಲವತ್ತರ ಆಚೀಚೆ ಆಯ್ಕೆಯಾದ ನಾಲ್ವರು ಸೇರಿದರೂ ಒಬ್ಬ ಡೇಕಾಸ್ ಆಗುವುದಿಲ್ಲ. ಕಡಲೆಕಾಯಿ ಮೂಟೆಗಳನ್ನು ತಂದು ತೂಕಕ್ಕೆ ತೂಕ ಗೋಡಂಬಿ ಕೇಳಿದರೆ ಯಾವ ಅಂಗಡಿಯವನೂ ಕೊಡುವುದಿಲ್ಲ; ಇಲ್ಲಿ ಲೀಗ್ ತಾನೇ ತಕ್ಕಡಿ ಹಿಡಿದು ಆ ವ್ಯಾಪಾರ ಮಾಡಿಕೊಟ್ಟಿತು, ಮೇಲಾಗಿ ಐದನೇ ಒಂದು ಪಾಲು ಬೆಲೆಯನ್ನೂ ಇಳಿಸಿಕೊಟ್ಟಿತು. ಎರಡು ವರ್ಷಗಳ ನಂತರ ಕಾಲಿಂಗ್‌ವುಡ್ ಪ್ರಶಸ್ತಿ ಗೆದ್ದಾಗ ತಂಡದಲ್ಲಿ ನಿಕ್, ಅವರ ಅಣ್ಣ ಜಾಶ್, ನಾಯಕ ಡಾರ್ಸಿ ಮೂರ್, ಮೂವರೂ ಇದೇ ನಿಯಮದಡಿ ಬಂದವರಾಗಿದ್ದರು. ತಂದೆ ಪೀಟರ್ ಡೇಕಾಸ್ ತೊಟ್ಟಿದ್ದ 35ನೇ ಸಂಖ್ಯೆಯನ್ನೇ ಬೆನ್ನ ಮೇಲೆ ಹೊತ್ತು ನಿಕ್ ಓಡುವುದನ್ನು ಕಾಣುವುದು ನನಗೂ ಬಹಳ ಇಷ್ಟ. ಆ ಸೊಬಗಿಗೆ ಪೂರ್ಣ ಬೆಲೆ ಕೊಡಲಿ ಎಂಬುದಷ್ಟೇ ನನ್ನ ವಾದ.

2021ರ ಆ ಡ್ರಾಫ್ಟ್‌ನ ರಾತ್ರಿಯೇ, ಇದೇ ನಿಯಮದಡಿ ಎರಡನೇ ಸರದಿಯಲ್ಲಿ ಸ್ಯಾಮ್ ಡಾರ್ಸಿ ಅವರನ್ನು ಪಡೆದದ್ದು ವೆಸ್ಟರ್ನ್ ಬುಲ್‌ಡಾಗ್ಸ್. ಅದು ಆ ವರ್ಷ ಗ್ರ್ಯಾಂಡ್ ಫೈನಲ್ ಆಡಿದ್ದ ತಂಡ! 2024ರಲ್ಲಿ ಪ್ರಶಸ್ತಿ ಗೆದ್ದ ಬ್ರಿಸ್ಬೇನ್, ಅದೇ ವರ್ಷದ ಡ್ರಾಫ್ಟ್‌ನಲ್ಲಿ ಐದನೇ ಸರದಿಯ ಲೀವೈ ಆಶ್‌ಕ್ರಾಫ್ಟ್ ಅವರನ್ನು ಪಡೆಯಿತು. ಅವರ ಅಣ್ಣ ವಿಲ್ ಇದೇ ನಿಯಮದಡಿ 2022ರಲ್ಲಿ ಬಂದವರು. 2024ರ ಗ್ರ್ಯಾಂಡ್ ಫೈನಲ್‌ನ ಶ್ರೇಷ್ಠ ಆಟಗಾರನಿಗೆ ಸಲ್ಲುವ ಪದಕ ಅವರದಾಯಿತು. ಆ ಪದಕ ಇರುವುದು ಬರಾಸಿಯನ್ನು ಸಾಕಿದ ನಾರ್ಮ್ ಸ್ಮಿತ್ ಅವರ ಹೆಸರಿನಲ್ಲಿ.

ಸಮಯ ಮೀರುತ್ತಿರುವುದರಿಂದ ಉಳಿದವನ್ನು ಒಟ್ಟಿಗೆ ಹೇಳುತ್ತೇನೆ. ಮಗನಿಗೆ ಬೇಡವೆನ್ನುವ ಸ್ವಾತಂತ್ರ್ಯವಿದೆ. 2005ರಲ್ಲಿ ಮಾರ್ಕ್ ಮರ್ಫಿ ಬ್ರಿಸ್ಬೇನ್ ಬೇಡವೆಂದು ಮುಕ್ತ ಡ್ರಾಫ್ಟ್‌ಗೆ ಬಂದು, ಮೊದಲ ಆಯ್ಕೆಯಾಗಿ ಕಾರ್ಲ್‌ಟನ್ ಸೇರಿದರು. ನಮ್ಮ ವೀಕ್ಷಕರ ಮಗನಿಗೆ ಇಲ್ಲದಿರುವುದು ಈ ಆಯ್ಕೆಯೇ, ಅವರ ನೋವು ನ್ಯಾಯವಾದುದು. ಉತ್ತರದ ನಾಲ್ಕು ಕ್ಲಬ್‌ಗಳಿಗೆ ತಮ್ಮ ಪ್ರದೇಶದ ಹುಡುಗರಿಗಾಗಿ ಅಕಾಡೆಮಿಗಳಿವೆ, ಅಲ್ಲಿಯೂ ಇದೇ ಅಂಕದ ಲೆಕ್ಕ. 2025ರಿಂದ ರಿಯಾಯಿತಿಯನ್ನು ಶೇ. 10ಕ್ಕೆ ಇಳಿಸಿ, ಕೆಳಗಿನ ಸರದಿಗಳ ಅಂಕವನ್ನೂ ಕಡಿತಗೊಳಿಸಲಾಗಿದೆ. ಆ ಶೇ. 10 ಕೂಡ ಹೋಗಬೇಕು; ಒಬ್ಬ ಆಟಗಾರನಿಗೆ ಎರಡಕ್ಕಿಂತ ಹೆಚ್ಚು ಸರದಿ ಪೋಣಿಸುವುದನ್ನೂ ನಿಲ್ಲಿಸಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಏಕೆಂದರೆ ಎಲ್ಲ ಕ್ಲಬ್‌ಗಳಿಗೂ ಅಪ್ಪಂದಿರಿಲ್ಲ. ಗೋಲ್ಡ್ ಕೋಸ್ಟ್ ಆಡಲಾರಂಭಿಸಿದ್ದು 2011ರಲ್ಲಿ, ಗ್ರೇಟರ್ ವೆಸ್ಟರ್ನ್ ಸಿಡ್ನಿ 2012ರಲ್ಲಿ. ಟಾಸ್ಮೇನಿಯಾದ ಹೊಸ ಕ್ಲಬ್ 2028ರಲ್ಲಿ ಕಣಕ್ಕಿಳಿಯಬೇಕಿದೆ. ಅದರ ಮೊದಲ ಪಂದ್ಯದಲ್ಲಿ ಆಡುವ ಯುವಕನೊಬ್ಬ ಐದಾರು ವರ್ಷ ಗಾಯಗೊಳ್ಳದೆ ಆಡಿ 100 ಪಂದ್ಯ ಪೂರೈಸಿ, ಆ ವರ್ಷವೇ ಅವನಿಗೊಂದು ಮಗು ಹುಟ್ಟಿತೆಂದು ಇಟ್ಟುಕೊಳ್ಳಿ. ಆ ಮಗು ಡ್ರಾಫ್ಟ್‌ನ ವಯಸ್ಸಿಗೆ ಬರುವಷ್ಟರಲ್ಲಿ 2050 ದಾಟಿರುತ್ತದೆ.